ದೊಡ್ಡವ್ವನ ಗಾಡಿಗೆ ಹೊಸ ದೀಪ

ಕಬ್ಬು ಕಡಿಯುವ ದಿನಗಳಲ್ಲಿ ಅಫಜಲಪುರದ ಸುತ್ತಮುತ್ತ ಸಂಜೆ ಹೊತ್ತು ಗಾಡಿ ಓಡಿಸುವುದು ಎಂಥವರಿಗೂ ಕಷ್ಟ. ಟ್ರ್ಯಾಕ್ಟರುಗಳು ಎರಡೆರಡು ಟ್ರಾಲಿ ಎಳೆದುಕೊಂಡು ಹೋಗುತ್ತಿರುತ್ತವೆ. ಹಿಂದೆ ಕೆಂಪು ದೀಪ ಇರುವುದಿಲ್ಲ, ಟ್ರಾಲಿಯ ಅಂಚು ಮೀರಿ ಕಬ್ಬಿನ ಗಳ ಹೊರಗೆ ಚಾಚಿರುತ್ತವೆ. ಅಂಥ ದಿನಗಳಲ್ಲೇ ದೊಡ್ಡವ್ವ ಆಳಂದಕ್ಕೆ ನನಗೆ ಫೋನ್ ಮಾಡಿದಳು.

"ನಿನಗ ಕರೆಂಟಿಂದು ತಿಳಿತದಲ್ಲ? ನನ್ನ ಗಾಡಿ ದೀಪಾ ಮಂದ ಆಗ್ಯಾವ. ಜರಾ ಬಂದು ನೋಡು."

"ಏನರೇ ಆತೇನು ದೊಡ್ಡವ್ವ?"

"ಏನಾಗ್ತದ? ನಿನ್ನೆ ಸಂಜಿಮುಂದ ಸೇತುವಿ ಕಲ್ಲಿಗಿ ಮಗ್ಗಲು ತಿಕ್ಕಿತು. ಕಲ್ಲು ಕಾಣ್ಲಿಲ್ಲ. ದೀಪಾ ಸರಿ ಇದ್ರ ಕಾಣ್ತಿತ್ತು."

ಅಷ್ಟು ಹೇಳಿ ಇಟ್ಟುಬಿಟ್ಟಳು. ದೊಡ್ಡವ್ವ ನನ್ನ ತಾಯಿಯ ಅಕ್ಕ. ಜೇವರ್ಗಿಯಲ್ಲಿ ಬಹಳ ವರ್ಷ ಸರಕಾರಿ ಡಾಕ್ಟರಾಗಿದ್ದು, ಆಮೇಲೆ ಅಫಜಲಪುರಕ್ಕೆ ಬಂದು ಅಲ್ಲೇ ನಿವೃತ್ತಳಾದವಳು. ಮದುವೆಯಾಗಲಿಲ್ಲ. ಯಾರನ್ನೂ ಏನನ್ನೂ ಕೇಳಿದವಳಲ್ಲ. ನನಗೆ ನೌಕರಿ ಸಿಕ್ಕಾಗ, ನನ್ನ ಮದುವೆಯಲ್ಲಿ, ನನ್ನ ಹೆರಿಗೆಯಲ್ಲಿ ಅವಳೇ ಬಂದು ನಿಂತು ಎಲ್ಲ ಮಾಡಿ, ಚಹಾ ಕುಡಿದು ಹೊರಟುಬಿಡುತ್ತಿದ್ದಳು. ಅವಳು ನನ್ನ ಸಹಾಯ ಕೇಳಿದ್ದು ಅದೇ ಮೊದಲು. ಹಾಗಾಗಿ ಆ ಶನಿವಾರ ಶಾಲೆ ಮುಗಿಯುತ್ತಲೇ ಚೀಲದಲ್ಲಿ ಕರೆಂಟಿನ ಮೀಟರು, ಇಕ್ಕಳ, ಟೇಪು ತುಂಬಿಕೊಂಡು ಬಸ್ಸು ಹತ್ತಿದೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಮನೆಯ ಮಿಕ್ಸರಿನಿಂದ ಹಿಡಿದು ಶಾಲೆಯ ಮೋಟರಿನವರೆಗೆ ಬಿಚ್ಚಿ ನೋಡುವ ಚಟ ನನಗೆ ಮೊದಲಿನಿಂದಲೂ ಇದೆ. ಕಡಗಂಚಿ ದಾಟುವಾಗ ಬಸ್ಸಿನಲ್ಲಿ ಕಾಲೇಜು ಹುಡುಗರು ತುಂಬಿಕೊಂಡರು. ನಾನು ಕಿಟಕಿಗೆ ಒತ್ತಿಕೊಂಡು ಕೂತು, ಹಳೆಯ ಗಾಡಿಯ ವೈರುಗಳು ಎಲ್ಲಿಂದ ಎಲ್ಲಿಗೆ ಹೋಗಬಹುದು ಎಂದು ಮನಸ್ಸಿನಲ್ಲೇ ಚಿತ್ರ ಬರೆಯುತ್ತಿದ್ದೆ. ಕಲಬುರಗಿಯಲ್ಲಿ ಇಳಿದು ಬಿಡಿಭಾಗಗಳ ಅಂಗಡಿಗಳನ್ನು ಸುತ್ತಿ, ಎರಡು ಹೊಸ ರಿಫ್ಲೆಕ್ಟರು, ಬಲ್ಬು, ದಪ್ಪ ವೈರು ಮತ್ತು ಎರಡು ರಿಲೇ ಕೊಂಡು ಅಫಜಲಪುರದ ಬಸ್ಸು ಹಿಡಿದೆ.

ಗಾಡಿಯೆಂದರೆ ಕೆನೆಬಣ್ಣದ ಹಳೆಯ ಅಂಬಾಸಿಡರ್. ಜೇವರ್ಗಿಯಿಂದ ವರ್ಗವಾಗಿ ಹೊರಟ ಒಬ್ಬ ಇಂಜಿನಿಯರ ಕೈಯಿಂದ ದೊಡ್ಡವ್ವ ಕೊಂಡದ್ದು. ಗೇರು ಸ್ಟೇರಿಂಗಿನ ಪಕ್ಕದಲ್ಲೇ ಇದೆ. ಮುಂದಿನ ಸೀಟು ಒಂದೇ ಉದ್ದನೆಯ ಬೆಂಚು. ಅದರ ಎಂಜಿನಿನ ಸದ್ದು ಕೇಳಿದರೆ ಸಾಕು, ಹಳ್ಳಿಗಳಲ್ಲಿ ಹೆಂಗಸರು 'ಡಾಕ್ಟರಬಾಯಿ ಬಂದ್ರು' ಎಂದು ಹೊರಗೆ ಬರುತ್ತಿದ್ದರು. ನಿವೃತ್ತಿಯಾದ ಮೇಲೂ ವಾರದಲ್ಲಿ ಮೂರು ಸಂಜೆ ಅವಳು ಗೊಬ್ಬೂರಿಗೆ ಹೋಗಿ, ರೈತರೊಬ್ಬರು ಬಿಟ್ಟುಕೊಟ್ಟ ಎರಡು ಕೋಣೆಗಳಲ್ಲಿ ಬಸುರಿಯರನ್ನು ನೋಡುತ್ತಿದ್ದಳು. ಜೊತೆಗೆ ಆಯಾ. ಈ ಆಯಾ ಜೇವರ್ಗಿಯ ದಿನಗಳಿಂದ ಅವಳ ಜೊತೆಯೇ ಇರುವ ಹೆಂಗಸು. ವಯಸ್ಸು ನನಗಿಂತ ನಾಕಾರು ವರ್ಷ ಹೆಚ್ಚು. ಬಾಯಿ ಬಹಳ. ಗಾಡಿ ಹತ್ತಿದಳೆಂದರೆ ಇಳಿಯುವವರೆಗೂ ಏನಾದರೂ ಹೇಳುತ್ತಲೇ ಇರುತ್ತಿದ್ದಳು.

ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಬಾನೆಟ್ಟು ಎತ್ತಿದೆ. ಎಡಗಡೆಯ ಮಡ್ಗಾರ್ಡಿನ ಮೇಲೆ ಹೊಸ ಗೀರು ಇತ್ತು, ಅದರ ಕೆಳಗೆ ಹಳೆಯ ಗೀರು, ಅದರ ಕೆಳಗೆ ಇನ್ನೂ ಹಳೆಯದು. ಓಣಿ ಇಕ್ಕಟ್ಟು, ಬಿಡು ಎಂದುಕೊಂಡೆ. ಮೀಟರು ಹಿಡಿದು ನೋಡಿದರೆ ಬ್ಯಾಟರಿಯಲ್ಲಿ ಕರೆಂಟು ಚೆನ್ನಾಗಿಯೇ ಇತ್ತು. ದೀಪದ ಹತ್ತಿರ ಬರುವಷ್ಟರಲ್ಲಿ ಸೊರಗಿ ಹೋಗುತ್ತಿತ್ತು. ಬ್ಯಾಟರಿಯಿಂದ ಹೊರಟ ಕರೆಂಟು ಸಣ್ಣ ವೈರಿನಲ್ಲಿ ಡ್ಯಾಶ್‌ಬೋರ್ಡಿನವರೆಗೆ ಹೋಗಿ, ಹಳೆಯ ಸ್ವಿಚ್ಚು ದಾಟಿ, ಮತ್ತೆ ಮುಂದೆ ಬರಬೇಕು. ದಾರಿಯಲ್ಲೇ ಅರ್ಧ ಸೋರುತ್ತದೆ. ರಿಫ್ಲೆಕ್ಟರಿನ ಬೆಳ್ಳಿ ಬಣ್ಣವೂ ಕಪ್ಪಿಟ್ಟಿತ್ತು.

ದೊಡ್ಡವ್ವ ಬೆತ್ತದ ಕುರ್ಚಿ ಹಾಕಿಕೊಂಡು ಪಕ್ಕದಲ್ಲೇ ಕೂತಿದ್ದಳು. ನಾನು ವಿವರಿಸಿದ್ದನ್ನು ಕೇಳಿ, "ಅಂದ್ರ ಬೀಪಿ ಕಮ್ಮಿ ಅದ ಅನ್ನು," ಎಂದಳು.

"ಹೌದು. ಬ್ಯಾಟರಿಯಿಂದ ಸೀದಾ ದಪ್ಪ ವೈರ್ ಎಳೀತೇನಿ. ಈ ರಿಲೇ ನಡಕ ಕೂಡ್ತದ. ನಿನ್ನ ಸ್ವಿಚ್ಚು ಬರೇ ಹುಕುಂ ಕೊಡ್ತದ, ಕರೆಂಟು ಸೀದಾ ದೀಪಕ್ಕ ಬರ್ತದ."

"ಅವು ಬೆಳ್ಳನ್ನ ದೀಪಾ ಬರ್ತಾವಲ್ಲ, ಕಾಲೇಜ ಹುಡುಗರು ಮೋಟರಸೈಕಲ್ಲಿಗಿ ಹಾಕ್ಕೋತಾರ, ಅವು ಬೇಕಾಗಿಲ್ಲೇನು? ಅವು ಜೋರ ಇರ್ತಾವ."

"ಬ್ಯಾಡ. ಈ ರಿಫ್ಲೆಕ್ಟರಿಗಿ ಅವು ಹೊಂದೂದಿಲ್ಲ. ಬೆಳಕು ಚದರಿ ಎದುರಿನವರ ಕಣ್ಣಿಗಿ ಹೊಡಿತದ."

"ನಮಗ ಕಾಣ್ತದೋ ಇಲ್ಲೋ, ಅದನ್ನ ಹೇಳು."

ಅವಳು ಹೇಳಿದ ರೀತಿಯಲ್ಲಿ ಸಿಡುಕಿತ್ತು. ನಾನು ಕತ್ತೆತ್ತಿ ನೋಡಿದೆ. ಅವಳು ನನ್ನನ್ನಲ್ಲ, ಬಿಚ್ಚಿಟ್ಟ ಹಳೆಯ ದೀಪವನ್ನು ನೋಡುತ್ತಿದ್ದಳು. "ಇದರಿಂದ ಕಾಣ್ತದ ದೊಡ್ಡವ್ವ," ಎಂದೆ. ಅವಳು ಎದ್ದು ಒಳಗೆ ಹೋದಳು.

ಮಧ್ಯಾಹ್ನದ ತನಕ ಕೆಲಸ ಹಿಡಿಯಿತು. ಆಯಾ ರೊಟ್ಟಿ ಬಡಿಯುವುದನ್ನು ಬಿಟ್ಟು ಎರಡು ಮೂರು ಸಲ ಹೊರಗೆ ಬಂದು ನೋಡಿ ಹೋದಳು. ಕೊನೆಯ ಸಲ ಕೈಗೆ ಹತ್ತಿದ ಹಿಟ್ಟು ಉಜ್ಜುತ್ತ ನನ್ನ ಹತ್ತಿರ ಬಗ್ಗಿ, ದನಿ ತಗ್ಗಿಸಿ ಕೇಳಿದಳು.

"ಅಕ್ಕಾರ, ಈ ದೀಪಾ ಹಾಕಿದ್ರ ಡಾಕ್ಟರಬಾಯಾರಿಗಿ ಖರೇನ ಎಲ್ಲಾ ಕಾಣ್ತದೇನ್ರಿ?"

"ಯಾಕ ಕಾಣೂದಿಲ್ಲ?"

"ಹಂಗಲ್ರಿ, ಸುಮ್ನ ಕೇಳಿದೆ," ಎಂದು ಒಳಗೆ ಓಡಿದಳು.

ಸಂಜೆಯ ಗೊಬ್ಬೂರ ಸರದಿಗೆ ನಾನೂ ಹೊರಟೆ. ದೀಪದ ಬೆಳಕು ರಸ್ತೆಯ ಮೇಲೆ ಎಲ್ಲಿ ಬೀಳುತ್ತದೆ ಎಂದು ನೋಡಿ ಸ್ಕ್ರೂ ತಿರುಗಿಸುವುದಿತ್ತು. ಆಯಾ ಎಂದಿನಂತೆ ಮುಂದಿನ ಬಾಗಿಲು ತೆಗೆಯುತ್ತಿದ್ದಳು. "ಆಯಾಬಾಯಿ, ಇವತ್ತು ನೀವು ಹಿಂದ ಕೂಡ್ರಿ, ನಾ ಮುಂದ ಕೂಡ್ತೇನಿ," ಎಂದೆ. ಆಕೆ ಬಾಗಿಲ ಹಿಡಿಯನ್ನು ಬಿಡಲಿಲ್ಲ. ದೊಡ್ಡವ್ವನ ಮುಖ ನೋಡಿದಳು.

"ಹಿಂದ ಕೂಡು ಬೇ," ಎಂದಳು ದೊಡ್ಡವ್ವ.

ಹಗಲಿದ್ದಾಗ ಗಾಡಿ ಚೆನ್ನಾಗಿಯೇ ಹೋಯಿತು. ಒಂದೆರಡು ಕಡೆ ಎಡಗಡೆಯ ಗಾಲಿ ಡಾಂಬರು ಬಿಟ್ಟು ಮಣ್ಣಿಗೆ ಇಳಿದು ಕಡಕಡ ಎಂದಿತು. ದೊಡ್ಡವ್ವ ಮತ್ತೆ ಮೇಲೆ ಎಳೆದುಕೊಂಡಳು. ಗೊಬ್ಬೂರಿನಲ್ಲಿ ಹೊತ್ತು ಇಳಿಯುವ ತನಕ ಮೂರು ನಾಕು ಹೆಂಗಸರಷ್ಟೇ ಇದ್ದರು. ಹೊಲದ ಕೆಲಸ ಮುಗಿದ ಮೇಲೆ ಹಿಂಡು ಹಿಂಡಾಗಿ ಬಂದರು. ಕೈಕಾಲಿಗೆ ತೊಗರಿ ಹೊಲದ ಧೂಳು ಹಾಗೇ ಇತ್ತು. ದೊಡ್ಡವ್ವ ಒಬ್ಬೊಬ್ಬರನ್ನೂ ಮಲಗಿಸಿ, ಹೊಟ್ಟೆಯ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ ನೋಡುತ್ತಿದ್ದಳು. ಅವಳ ಕೈ ಎಷ್ಟು ನೆಚ್ಚಿಗೆಯಿಂದ ಸರಿದಾಡುತ್ತಿತ್ತೆಂದರೆ, ನಾನು ಬಾಗಿಲಲ್ಲಿ ನಿಂತು ಸುಮ್ಮನೆ ನೋಡುತ್ತಲೇ ಇದ್ದೆ.

ಹೊರಬಂದಾಗ ಪಡುವಣದಲ್ಲಿ ಕೆಂಪು ಆರುತ್ತಿತ್ತು. ದೊಡ್ಡವ್ವ ಸ್ವಿಚ್ಚು ಎಳೆದಳು. ಎದುರಿನ ಗೋಡೆ, ಬೇವಿನ ಮರ, ಕಟ್ಟೆಯ ಮೇಲೆ ಕೂತಿದ್ದ ಮುದುಕರ ತಲೆಯ ಪಟಗ, ಎಲ್ಲ ಒಮ್ಮೆಲೇ ಬೆಳಗಿದವು. "ಅಬ್ಬಬ್ಬ, ಹಗಲ ಆದಂಗ ಆತಲ್ರೀ ಬಾಯಾರ," ಎಂದು ಯಾರೋ ಕೂಗಿದರು. ನನಗೆ ಹಿಗ್ಗಾಯಿತು. ಗೋಡೆಯ ಮೇಲೆ ಬಿದ್ದ ಬೆಳಕಿನ ಅಂಚು ನೋಡಿ, ಎರಡೂ ದೀಪ ಸಮ ಮಾಡಿ ಹತ್ತಿ ಕೂತೆ.

ಊರು ದಾಟಿ ಒಂದಷ್ಟು ದೂರ ಬಂದಿದ್ದೆವು. ರಸ್ತೆ ನನಗೆ ದೂರದವರೆಗೂ ನಿಚ್ಚಳವಾಗಿ ಕಾಣುತ್ತಿತ್ತು. ಬದಿಯ ಜಾಲಿಯ ಮುಳ್ಳು ಕೂಡ ಕಾಣುತ್ತಿತ್ತು. ಆದರೂ ದೊಡ್ಡವ್ವ ಸ್ಟೇರಿಂಗಿಗೆ ಎದೆ ತಾಗಿಸಿ ಮುಂದಕ್ಕೆ ಬಾಗಿದ್ದಳು. ಎಡಗಡೆ ಜಲ್ಲಿಯ ಗುಂಪೆ ಬಂತು. ಗಾಡಿ ಅದರ ಪಕ್ಕವೇ ಸವರಿಕೊಂಡು ಹೋಯಿತು.

"ದೊಡ್ಡವ್ವ, ಜರಾ ಬಲಕ್ಕ."

"ಕಾಣ್ತದ ನನಗ."

ಇನ್ನೂ ಸ್ವಲ್ಪ ಮುಂದೆ ಒಂದು ಎತ್ತಿನ ಬಂಡಿ. ಹಿಂದಿನ ಸೀಟಿನಿಂದ ಆಯಾಳ ಉಸಿರು ನನ್ನ ಕುತ್ತಿಗೆಗೆ ತಾಗಿತು. ಅಷ್ಟು ಮುಂದೆ ಬಾಗಿದ್ದಳು.

"ಬಾಯಾರ, ಎಡಕ್ಕ ಬಂಡಿ—"

"ಸುಮ್ನ ಕೂಡು ಬೇ!" ದೊಡ್ಡವ್ವ ಗದರಿದಳು.

ಆಯಾ ಬಾಯಿ ಮುಚ್ಚಿದಳು. ಬಂಡಿಯನ್ನು ಹೇಗೋ ದಾಟಿದೆವು. ದಾಟುವಾಗ ಎತ್ತಿನ ಕೊಂಬು ಕಿಟಕಿಯ ಗಾಜಿನ ಹತ್ತಿರವೇ ಹಾದುಹೋಯಿತು. ಏನೋ ಸರಿಯಿಲ್ಲ ಎಂಬುದು ಗೊತ್ತಾಗಿತ್ತು. ಆದರೆ ಈ ರಸ್ತೆಯಲ್ಲಿ ಆಯುಷ್ಯವಿಡೀ ಗಾಡಿ ಓಡಿಸಿದವಳಿಗೆ 'ನಿಲ್ಲಿಸು' ಎನ್ನಲು ನಾಲಿಗೆ ಹೊರಳಲಿಲ್ಲ. ಕಾಲು ಮಾತ್ರ ಇಲ್ಲದ ಬ್ರೇಕನ್ನು ಒತ್ತುತ್ತಿತ್ತು.

ಎದುರಿನಿಂದ ಬಸ್ಸು ಬಂತು. ದೀಪ ಇಳಿಸದೆಯೇ ಬಂತು. ಆ ಬೆಳಕಿಗೆ ದೊಡ್ಡವ್ವ ಮುಖ ಸಿಂಡರಿಸಿ ಗಾಡಿಯನ್ನು ಎಡಕ್ಕೆ ಒಯ್ದಳು. ಅಲ್ಲಿ, ರಸ್ತೆಯ ಎಡ ಅಂಚಿನಲ್ಲಿ, ಒಬ್ಬ ಮನುಷ್ಯ ಸೈಕಲ್ಲಿನ ಮೇಲೆ ಕಣಕಿಯ ದೊಡ್ಡ ಹೊರೆ ಹೇರಿ ತಳ್ಳಿಕೊಂಡು ಹೊರಟಿದ್ದ. ಜೋಳದ ಒಣ ದಂಟಿನ ಆ ಹೊರೆ ನಮ್ಮ ಬೆಳಕಿನಲ್ಲಿ ಬಂಗಾರದಂತೆ ಹೊಳೆಯುತ್ತಿತ್ತು. ಕಾಣದೇ ಇರುವುದು ಸಾಧ್ಯವೇ ಇರಲಿಲ್ಲ. ದೊಡ್ಡವ್ವ ಬ್ರೇಕು ಹಾಕಲಿಲ್ಲ. ಗಾಡಿ ಸೀದಾ ಅವನ ಬೆನ್ನಿಗೇ ಹೊರಟಿತ್ತು.

"ಬಾಯಾರ, ಮನಶಾ! ಮನಶಾ ಅದಾನ್ರೀ!" ಆಯಾ ಚೀರಿದಳು.

ನಾನು ಬೆಂಚಿನ ಮೇಲೆ ಸರಿದು ಎರಡೂ ಕೈಯಿಂದ ಸ್ಟೇರಿಂಗ್ ಹಿಡಿದು ಬಲಕ್ಕೆ ಎಳೆದೆ. ಬಸ್ಸಿನ ಹಿಂಭಾಗ ಆಗಷ್ಟೇ ನಮ್ಮನ್ನು ದಾಟಿತ್ತು. ದೊಡ್ಡವ್ವನ ಕಾಲು ಬ್ರೇಕಿಗೆ ಬಿತ್ತು. ಗಾಲಿಗಳು ಕಿರುಚಿದವು. ಗಾಡಿಯ ಎಡ ಮಗ್ಗಲು ಕಣಕಿಗೆ ತಾಗಿದ ಸರಸರ ಸದ್ದು ಕೇಳಿತು. ಆಮೇಲೆ ರಸ್ತೆ ದಾಟಿ, ದಡಬಡ ಎಂದು ಬಲಗಡೆಯ ಹೊಲಕ್ಕೆ ಇಳಿದು ನಿಂತೆವು. ಎಂಜಿನ್ ಆರಿತು. ದೀಪ ಮಾತ್ರ ಉರಿಯುತ್ತಲೇ ಇತ್ತು. ಎದುರಿನ ಜೋಳದ ಬೆಳೆಯ ಒಂದೊಂದು ಎಲೆಯೂ ಕಾಣುತ್ತಿತ್ತು.

ಮೊದಲು ಇಳಿದವಳು ಆಯಾ. ಓಡಿದಳು. ನಾನು ಅವಳ ಹಿಂದೆ ಓಡಿದೆ. ಆ ಮನುಷ್ಯ ರಸ್ತೆಯ ಅಂಚಿನಲ್ಲಿ ಕೂತಿದ್ದ. ಸೈಕಲ್ಲು, ಹೊರೆ ಎರಡೂ ಅವನ ಪಕ್ಕದಲ್ಲಿ ಬಿದ್ದಿದ್ದವು. ಮೊಣಕೈ ತರಚಿ ರಕ್ತ ಬರುತ್ತಿತ್ತು, ಅಷ್ಟೇ. ನಾನು ಅವನ ತೋಳು, ಕಾಲು ಮುಟ್ಟಿ ನೋಡಿದೆ. "ಎಲ್ಲಿ ನೋವಾಗಾಕತ್ತದ? ತಲಿಗಿ ಬಡದದೇನು?" ಎಂದು ಕೇಳುತ್ತಿದ್ದರೆ ಅವನು ನನ್ನ ಭುಜದ ಆಚೆಗೆ ನೋಡಿ ಎದ್ದೇಬಿಟ್ಟ. ದೊಡ್ಡವ್ವ ಹೊಲದಿಂದ ರಸ್ತೆಗೆ ಹತ್ತಿ ಬರುತ್ತಿದ್ದಳು. ಕತ್ತಲಲ್ಲಿ ಕಾಲಿನಿಂದ ನೆಲ ತಡವುತ್ತ ಬರುತ್ತಿದ್ದಳು.

"ಅಯ್ಯ, ಡಾಕ್ಟರಬಾಯಾರು ಏನ್ರಿ! ನಂದಽ ತಪ್ಪಾತ್ರಿ ಬಾಯಾರ. ರಸ್ತಾದ ಮ್ಯಾಲ ಬಂದಿದ್ದೆ. ನೀವು ಏನೂ ಪರೇಶಾನ ಆಗಬ್ಯಾಡ್ರಿ. ನನ್ನ ಎರಡೂ ಮಕ್ಕಳು ನಿಮ್ಮ ಕೈಯಾಗಽ ಹುಟ್ಟ್ಯಾವ್ರಿ."

ಅವನು ಕೈ ಮುಗಿದು ನಿಂತಿದ್ದ. ದೊಡ್ಡವ್ವ ಅವನ ಕೈಗಳನ್ನು ಹಿಡಿದು ಕೆಳಗಿಳಿಸಿದಳು.

"ನಿಂದು ಏನೂ ತಪ್ಪಿಲ್ಲಪ್ಪ. ನೀ ಬದಿಗೇ ಹೊಂಟಿದ್ದಿ. ನಾ ನಿನ್ನ ನೋಡಿಲ್ಲ."

"ಎದುರಿಗಿ ಬಸ್ಸಿತ್ತಲ್ರಿ, ಕಣ್ಣಿಗಿ ಬೆಳಕ—"

"ಬಸ್ಸು ಬರೂಕಿಂತ ಮದ್ಲೂ ನೋಡಿಲ್ಲ," ಎಂದಳು.

ಆಯಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಳು. ಡಿಕ್ಕಿಯಲ್ಲಿದ್ದ ಔಷಧ ಚೀಲ ತಂದು ದೊಡ್ಡವ್ವನೇ ಅವನ ಮೊಣಕೈ ತೊಳೆದು ಪಟ್ಟಿ ಕಟ್ಟಿದಳು. ಮೊಬೈಲ್ ಬೆಳಕನ್ನು ನಾನು ಹಿಡಿದಿದ್ದೆ. ಅವಳ ಕೈ ಒಂದಿಷ್ಟೂ ಅಲುಗಲಿಲ್ಲ.

ಚಳಿಗಾಲದ ಎರೆಮಣ್ಣು ಗಟ್ಟಿಯಾಗಿತ್ತು. ಆ ಮನುಷ್ಯ ಮತ್ತು ಆಯಾ ತಳ್ಳಿದ ಮೇಲೆ ಗಾಡಿ ರಸ್ತೆಗೆ ಬಂತು. ಆಗ ನಾನು ಸ್ಟೇರಿಂಗಿನ ಮುಂದೆ ಕೂತೆ. ದೊಡ್ಡವ್ವ ಎಡಕ್ಕೆ ಸರಿದಳು. ನನಗೆ ಲೈಸೆನ್ಸು ಇದೆ, ಆದರೆ ಆ ಗೇರು ಹಾಕಿದವಳಲ್ಲ. ಅವಳು ನನ್ನ ಕೈ ಮೇಲೆ ಕೈಯಿಟ್ಟು ಗೇರು ಬದಲಿಸಿಕೊಟ್ಟಳು. "ಈಗ ಕ್ಲಚ್ ಬಿಡು. ಸಾವಕಾಶ," ಎಂದಳು. ಅಫಜಲಪುರ ಮುಟ್ಟುವವರೆಗೆ ಗೇರು ಹೇಳಿಕೊಡುತ್ತಲೇ ಇದ್ದಳು. ಎದುರಿಗೆ ಗಾಡಿ ಬಂದಾಗಲೆಲ್ಲ ನಾನು ವೇಗ ಇಳಿಸುತ್ತಿದ್ದೆ.

ಮನೆಯಲ್ಲಿ ರೊಟ್ಟಿ ಯಾರೂ ಮುಟ್ಟಲಿಲ್ಲ. ನಾನು ನೀರು ಕುಡಿಯಲು ಫ್ರಿಜ್ಜು ತೆಗೆದರೆ, ಬಾಗಿಲ ಒಳಗಿನ ಹಲಗೆಯ ಮೇಲೆ, ಕೊತ್ತಂಬರಿಯ ಪಕ್ಕದಲ್ಲಿ, ಕಣ್ಣಿಗೆ ಹಾಕುವ ಔಷಧದ ಎರಡು ಸೀಸೆ ಇದ್ದವು. ಹಿಂದಿನ ದಿನವೂ ನೋಡಿದ್ದೆ, ಏನೆಂದು ಕೇಳಿರಲಿಲ್ಲ. ತಂದು ಅವಳ ಮುಂದೆ ಇಟ್ಟೆ.

"ಗ್ಲಾಕೋಮಾ," ಎಂದಳು ದೊಡ್ಡವ್ವ. ರೋಗಿಯ ಬಗ್ಗೆ ಹೇಳಿದಂತೆ ಹೇಳಿದಳು. "ಕಣ್ಣಿನ ಒಳಗ ಒತ್ತಡ ಜಾಸ್ತಿ ಆಗಿ ನರ ಸಾಯ್ತಾವ. ಮಗ್ಗಲದ್ದು ಮದ್ಲು ಹೋಗ್ತದ. ನಡಕಿಂದು ಕಡೀಕ."

"ಯಾವಾಗಿನಿಂದ?"

"ಎರಡು ವರ್ಷ ಆತು ಗೊತ್ತಾಗಿ."

"ಎರಡು ವರ್ಷ ಹಿಂಗಽ ಗಾಡಿ ಹೊಡ್ದಿ?" ನನ್ನ ದನಿ ಏರಿತು. "ಡಾಕ್ಟರ ಆಗಿ? ಮತ್ತ ದೀಪಾ ಮಂದ ಆಗ್ಯಾವ ಅಂತ ನನ್ನ ಕರಸ್ತಿ?"

"ದೀಪಾ ಮಂದ ಇದ್ದು ಖರೇ ಅದಲ್ಲ? ನೀನಽ ಮೀಟರ್ ಹಚ್ಚಿ ನೋಡಿದಿ." ಸೀಸೆಗಳನ್ನು ಪಕ್ಕಕ್ಕೆ ಸರಿಸಿದಳು. "ಬೆಳಕು ಜೋರ ಆದ್ರ ಏನರೇ ಫರಕ್ ಆಗ್ತದೇನೋ ಅಂತ ಒಂದು ಆಶಾ ಇತ್ತು. ಆಗೂದಿಲ್ಲ ಅಂತ ಓದೇನಿ ನಾ. ಆದ್ರೂ ಇತ್ತು."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಆಯಾ ಅಳುತ್ತಿದ್ದಳು. ನನ್ನ ಸಿಟ್ಟು ಅವಳ ಕಡೆ ತಿರುಗಿತು. "ನಿಮಗ ಗೊತ್ತಿತ್ತು. ಗೊತ್ತಿದ್ದೂ ದಿನಾ ಕೂತು ಹೋದ್ರಿ."

"ಗೊತ್ತಿತ್ರಿ ಅಕ್ಕಾರ. ನಾ ಹೇಳ್ತಾ ಹೋಗ್ತಿದ್ದೆನ್ರಿ. ಅಗಾ ಎಡಕ್ಕ ಯಾರೋ ಹೊಂಟಾರ, ಅಗಾ ಎಮ್ಮಿ ಅಡ್ಡ ಬರಾಕತ್ತದ ಅಂತ ಮಾತಾಡಿದಂಗ ಮಾಡಿ ಹೇಳ್ತಿದ್ದೆ. ಬಾಯಾರಿಗಿ ತಿಳೀತಿತ್ತು. ಇವತ್ತು ನೀವು ಕೂತಿದ್ರಿ, ನಿಮ್ಮ ಮುಂದ ಹ್ಯಾಂಗ ಹೇಳ್ಲಿ?"

ಅವಳ ಬಾಯಿಬಡುಕತನಕ್ಕೆ ನಾವು ಮನೆಮಂದಿಯೆಲ್ಲ ನಗುತ್ತಿದ್ದೆವು. ಮುಂದಿನ ಸೀಟಿನಲ್ಲಿ ಕೂತು ಎಮ್ಮೆ, ಮೇಕೆ, ಹೋಗುವ ಬರುವ ಜನ, ಎಲ್ಲದರ ವರದಿ ಒಪ್ಪಿಸುತ್ತಿದ್ದದ್ದು ಯಾತಕ್ಕೆಂದು ಆಗ ತಿಳಿಯಿತು. ಆ ಹೊತ್ತಿಗೆ ನನಗೆ ನಗು ಬರಲಿಲ್ಲ. ಇಬ್ಬರನ್ನೂ ಒಟ್ಟಿಗೆ ಬೈದೆ. ಒಂದು ಜೀವ ಹೋಗಿದ್ದರೆ ಯಾರು ಹೊಣೆ ಎಂದು ಕೇಳಿದೆ.

"ಗಾಡಿ ಬಂದ್ ಮಾಡಿದ್ರ ದವಾಖಾನಿ ಹೋಗ್ತದ," ಎಂದಳು ದೊಡ್ಡವ್ವ. "ಆ ಹೆಂಗಸ್ರು ಹಗಲಿಗಿ ಬರೂದಿಲ್ಲ. ಒಂದಿನದ ಕೂಲಿ ಬಿಟ್ಟು ಬಸುರಿ ತೋರ್ಸಾಕ ಯಾರು ಬರ್ತಾರ? ಸಂಜಿಗೇ ಬರಬೇಕು, ಸಂಜಿಗೇ ನಾ ಇರಬೇಕು. ಮುಗಿಯೂ ಹೊತ್ತಿಗಿ ಈ ಕಡೀಗಿ ಬಸ್ಸು ಇರೂದಿಲ್ಲ."

"ಕೀಲಿ ಕೊಡು ದೊಡ್ಡವ್ವ."

ಅವಳು ಕೊಡಲಿಲ್ಲ. ಎದ್ದು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಆಯಾ ಅಡುಗೆಮನೆಯಲ್ಲೇ ಚಾಪೆ ಹಾಸಿದಳು. ನಾನು ಹೊರಗಿನ ಕೋಣೆಯಲ್ಲಿ ಮಲಗಿದೆ, ನಿದ್ದೆ ಹತ್ತಲಿಲ್ಲ.

ಬೆಳಿಗ್ಗೆ ನನ್ನನ್ನು ಎಬ್ಬಿಸಿದ್ದು ಎಂಜಿನಿನ ಸದ್ದು. ಎದ್ದು ಓಡುವಷ್ಟರಲ್ಲಿ ಗಾಡಿ ಓಣಿ ದಾಟಿ ತಿರುಗಿತ್ತು. ಬಿಸಿಲು ಆಗಷ್ಟೇ ಬಿದ್ದಿತ್ತು. ಆಯಾ ಬರಿಗಾಲಲ್ಲೇ ಓಣಿಯ ತುದಿಯವರೆಗೆ ಓಡಿ ವಾಪಸು ಬಂದಳು. "ಒಬ್ಬರಽ ಹೋಗ್ಯಾರ್ರಿ," ಎಂದಳು. ಫೋನು ಮಾಡಿದರೆ ಅದು ಒಳಗೆ ಪೂಜೆಯ ಜಗಲಿಯ ಹತ್ತಿರ ರಿಂಗಾಯಿತು. ವಿಭೂತಿ ಹಚ್ಚಿಕೊಂಡು, ಪೂಜೆ ಮುಗಿಸಿ, ಫೋನು ಅಲ್ಲೇ ಬಿಟ್ಟು ಹೋಗಿದ್ದಳು. ನಾವಿಬ್ಬರೂ ಓಣಿಯ ತುದಿಯಲ್ಲಿ ನಿಂತೆವು. ಶಾಲೆಗೆ ಹೋಗುವ ಮಕ್ಕಳು ರಸ್ತೆಗೆ ಇಳಿಯುವ ಹೊತ್ತು ಹತ್ತಿರ ಬರುತ್ತಿತ್ತು. ಸೈಕಲ್ಲಿನ ಹಾಲಿನವನು, ಬಸ್‌ಸ್ಟ್ಯಾಂಡಿನ ಕಡೆಯಿಂದ ಬರುವ ಆಟೋ, ಪ್ರತಿಯೊಂದನ್ನೂ ನಿಲ್ಲಿಸಿ ಕೇಳಬೇಕೆನಿಸುತ್ತಿತ್ತು. ಎಲ್ಲೋ ಜನ ಕೂಗಿದಂತೆ ಕೇಳಿ ಆ ಕಡೆ ಓಡಿದೆ. ನೋಡಿದರೆ ತರಕಾರಿಯವನು.

ಬಹಳ ಹೊತ್ತಿನ ಮೇಲೆ ಆ ಪರಿಚಿತ ಸದ್ದು ಕೇಳಿತು. ಗಾಡಿ ನಡೆಯುವ ಮನುಷ್ಯನ ವೇಗದಲ್ಲಿ ಬಂದು ಅಂಗಳದಲ್ಲಿ ನಿಂತಿತು. ದೊಡ್ಡವ್ವ ಇಳಿಯದೆ ಹಾಗೇ ಕೂತಿದ್ದಳು. ನಾನು ಬಾಗಿಲು ತೆಗೆದೆ.

"ಹಗಲ ಹೊತ್ತಿನ್ಯಾಗ ಎಷ್ಟು ಕಾಣ್ತದ ನೋಡೂಣಂತ ಹೋಗಿದ್ದೆ," ಎಂದಳು. "ನಿನ್ನೆ ಕತ್ತಲಿತ್ತು, ಎದುರಿಗಿ ಬಸ್ಸಿತ್ತು. ಇವತ್ತು ಏನೂ ಇದ್ದಿಲ್ಲ. ಬಸ್‌ಸ್ಟ್ಯಾಂಡಿನ ಮೂಲ್ಯಾಗ ಒಂದು ಹೆಣ್ಮಗಳು ಕೊಡಾ ಹೊತ್ತು ಎಡಕ್ಕಿನಿಂದ ಬಂದಳು. ಆಕಿ ಗಾಡಿ ಮುಂದ ಬಂದು ನಿಂತ ಮ್ಯಾಲ ಕಂಡಳು. ಆಕಿನಽ ನಿಂತಳು, ನಾ ನಿಲ್ಲಿಸ್ಲಿಲ್ಲ."

ಕೀಲಿ ತೆಗೆದು ನನ್ನ ಅಂಗೈಯಲ್ಲಿಟ್ಟಳು. ಆಯಾ ಚಹಾ ಇಟ್ಟಳು. ಮೂವರೂ ಅಂಗಳದಲ್ಲೇ ಕೂತು ಕುಡಿದೆವು. ಆ ದಿನ ನಾನು ಶಾಲೆಗೆ ರಜೆ ಹಾಕಿ ಅವಳನ್ನು ಕಲಬುರಗಿಗೆ ಕರೆದೊಯ್ದೆ. ಬಸ್ಸಿನಲ್ಲಿ ಹೋದೆವು. ಕಣ್ಣಿನ ಡಾಕ್ಟರು ದೊಡ್ಡವ್ವನಿಗಿಂತ ಚಿಕ್ಕವರು. ಅವಳನ್ನು 'ಮೇಡಂ' ಎಂದೇ ಮಾತಾಡಿಸುತ್ತಿದ್ದವರು ಪರೀಕ್ಷೆ ಮುಗಿದ ಮೇಲೆ ಮೇಡಂ ಎನ್ನುವುದನ್ನು ಬಿಟ್ಟರು. "ಅಮ್ಮಾ, ಹನಿ ಔಷಧ ದಿನಾ ಹಾಕ್ಕೊಂಡಿಲ್ಲ ನೀವು," ಎಂದರು. ದೊಡ್ಡವ್ವ ತಲೆ ತಗ್ಗಿಸಿದಳು. ಒಂದು ತಿಂಗಳೊಳಗೆ ಆಪರೇಷನ್ ಆಯಿತು. ಉಳಿದದ್ದು ಉಳಿಯಲಿ ಎಂದು ಮಾಡುವ ಆಪರೇಷನ್ ಅದು. ಹೋದದ್ದು ಬರಲಿಲ್ಲ.

ಗೊಬ್ಬೂರಿನ ಸರದಿಯನ್ನು ಬೆಳಗಿನ ಹೊತ್ತಿಗೆ ಬದಲಿಸಿ, ದೊಡ್ಡವ್ವ ಮತ್ತು ಆಯಾ ಬಸ್ಸಿನಲ್ಲಿ ಹೋಗಿ ನೋಡಿದರು. ಹೆಂಗಸರು ಬರಲಿಲ್ಲ. ದೊಡ್ಡವ್ವ ಖಾಲಿ ಕೋಣೆಯಲ್ಲಿ ಕೂತು ವಾಪಸು ಬಂದಳು. ಆಮೇಲೆ ಒಬ್ಬ ಡ್ರೈವರನನ್ನು ಇಟ್ಟಳು. ಲಗ್ನದ ದಿನಗಳು ಬರುತ್ತಲೇ ಅವನು ಬಾಡಿಗೆ ಗಾಡಿಗೆ ಹೋದ. ಅಂಬಾಸಿಡರ್ ಅಂಗಳದಲ್ಲಿ ನಿಂತೇ ಇತ್ತು. ನಾನು ಕೂಡಿಸಿದ ದೀಪಗಳ ಗಾಜಿನ ಮೇಲೆ ಧೂಳು ಕೂತಿತ್ತು. ನಾನು ಹೋದಾಗಲೆಲ್ಲ ಬ್ಯಾಟರಿ ಬಿದ್ದು ಹೋಗದಂತೆ ಸ್ವಲ್ಪ ಹೊತ್ತು ಎಂಜಿನ್ ಚಾಲು ಮಾಡಿ ಇಡುತ್ತಿದ್ದೆ. ಆ ಸದ್ದಿಗೆ ದೊಡ್ಡವ್ವ ಹೊರಗೆ ಬರುತ್ತಿರಲಿಲ್ಲ.

ಹಾಗೆ ಒಂದು ದಿನ ನಾನು ಎಂಜಿನ್ ಚಾಲು ಮಾಡಿ ಕೂತಿದ್ದಾಗ ಆಯಾ ಬಂದು ಕಿಟಕಿ ಹಿಡಿದು ನಿಂತಳು.

"ಅಕ್ಕಾರ, ನಾ ಕಲೀಲೇನ್ರಿ?"

ಏನೆಂದು ನನಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಒಳಗೆ ಹೋಗಿ ದೊಡ್ಡವ್ವನಿಗೆ ಹೇಳಿದೆ. ದೊಡ್ಡವ್ವ ಜೋರಾಗಿ ನಕ್ಕಳು. ಆಪರೇಷನ್ ಆದ ಮೇಲೆ ಹಾಗೆ ನಕ್ಕದ್ದು ಅದೇ ಮೊದಲು. ಆಮೇಲೆ ನಗು ನಿಲ್ಲಿಸಿ, "ಕರಿ ಆಕಿನ್ನ," ಎಂದಳು.

ಕಲಿಸುವುದು ಸುಲಭವಾಗಲಿಲ್ಲ. ಊರ ಹೊರಗಿನ ಬಯಲಿನಲ್ಲಿ ದೊಡ್ಡವ್ವ ಪಕ್ಕ ಕೂತು ಬೈಯುವುದು, ಆಯಾ ಅಳುವುದು, ಎಂಜಿನ್ ಆರುವುದು, ಬೇಸಿಗೆಯಿಡೀ ಇದೇ ನಡೆಯಿತು. ಆಯಾ ಎರಡನೇ ಗೇರಿಗಿಂತ ಮೇಲೆ ಹೋಗುವುದಿಲ್ಲ ಎಂದು ಹಟ ಹಿಡಿದಿದ್ದಳು. ಲೈಸೆನ್ಸಿನ ಪರೀಕ್ಷೆಯಲ್ಲಿ ಮೊದಲ ಸಲ ಹಿಂದಕ್ಕೆ ಹೋಗುವಾಗ ಕಂಬಕ್ಕೆ ತಾಗಿಸಿ ನಪಾಸಾದಳು. ಮನೆಗೆ ಬಂದು ಇನ್ನು ಗಾಡಿ ಮುಟ್ಟುವುದಿಲ್ಲ ಎಂದು ಆಣೆ ಮಾಡಿದಳು. ದೊಡ್ಡವ್ವ ಏನು ಹೇಳಿ ಒಪ್ಪಿಸಿದಳೋ ನನಗೆ ಗೊತ್ತಿಲ್ಲ. ಎರಡನೇ ಸಲ ಪಾಸಾದಳು. ಮಳೆಗಾಲ ಕಳೆಯುವ ಹೊತ್ತಿಗೆ ಗೊಬ್ಬೂರಿನ ಕೋಣೆಗಳ ಬಾಗಿಲು ಮತ್ತೆ ಸಂಜೆ ತೆರೆಯತೊಡಗಿತು.

ಆದರೆ ನನ್ನ ಜೀವಕ್ಕೆ ಸಮಾಧಾನ ಇರಲಿಲ್ಲ. ಮನೆ ಮುಟ್ಟಿದ ಕೂಡಲೇ ಒಂದು ಮಿಸ್ ಕಾಲ್ ಕೊಡಬೇಕು ಎಂದು ಅವರಿಬ್ಬರಿಗೂ ಹೇಳಿದ್ದೆ. ಸರದಿಯ ಸಂಜೆ ನಾನು ಆಳಂದದಲ್ಲಿ ಅಡುಗೆ ಮಾಡುತ್ತ, ಉತ್ತರ ಪತ್ರಿಕೆ ತಿದ್ದುತ್ತ, ಕಿವಿಯನ್ನು ಫೋನಿನ ಮೇಲೆಯೇ ಇಟ್ಟಿರುತ್ತಿದ್ದೆ. ಮತ್ತೆ ಕಬ್ಬು ಕಡಿಯುವ ದಿನಗಳು ಬಂದಿದ್ದವು. ಒಂದು ಸಂಜೆ ಮಿಸ್ ಕಾಲ್ ಬರಲಿಲ್ಲ. ಬರುವ ಹೊತ್ತು ದಾಟಿತು. ನಾನೇ ಮಾಡಿದೆ. ರಿಂಗಾಗಿ ನಿಂತಿತು. ಮತ್ತೆ ಮಾಡಿದೆ, ಮತ್ತೆ ನಿಂತಿತು. ಒಲೆಯ ಮೇಲಿನ ಪಲ್ಯ ಹೊತ್ತಿದ ವಾಸನೆ ಬಂದರೂ ನಾನು ಏಳಲಿಲ್ಲ. ಮೂರನೇ ಸಲ ದೊಡ್ಡವ್ವ ಎತ್ತಿದಳು. ಹಿಂದೆ ಎಂಜಿನಿನ ಸದ್ದು, ಯಾರೋ ನರಳುವ ಸದ್ದು.

"ಎಲ್ಲಿದ್ದಿ ದೊಡ್ಡವ್ವ? ಏನಾತು?"

"ನಮಗೇನಾಗ್ಯದ? ಒಂದು ಹುಡುಗಿಗಿ ಬ್ಯಾನಿ ಸುರು ಆಗ್ಯಾವ, ಕೂಸು ಅಡ್ಡ ಅದ. ಹಿಂದಿನ ಸೀಟಿನ್ಯಾಗ ಹಾಕ್ಕೊಂಡು ದೊಡ್ಡ ದವಾಖಾನಿಗಿ ಹೊಂಟೇವಿ. ಕಲಬುರಗಿಗಿ." ಅಷ್ಟರಲ್ಲಿ ಅವಳ ದನಿ ಬೇರೆ ಕಡೆ ತಿರುಗಿತು. "ಡಿಪ್ಪರ್ ಹಾಕು ಬೇ, ಎದುರಿನವಂಗ ಕಾಣಬೇಕೋ ಬ್ಯಾಡೋ! ಮೂರನೇದಕ್ಕ ಹಾಕು, ಅಂಜಬ್ಯಾಡ, ಹಾಕು!" ಮತ್ತೆ ನನಗೆ, "ಈಗ ಇಡ್ತೇನಿ," ಎಂದು ಕಟ್ ಮಾಡಿದಳು.

ನಾನು ಒಲೆ ಆರಿಸಿ, ಫೋನು ತೊಡೆಯ ಮೇಲಿಟ್ಟುಕೊಂಡು ಅಡುಗೆಮನೆಯ ನೆಲದ ಮೇಲೇ ಕೂತೆ. ಮನೆಯವರು ಬಂದು ಊಟ ಎಂದರೆ ಕೈ ಸನ್ನೆ ಮಾಡಿದೆ. ಎಷ್ಟೋ ಹೊತ್ತಾದ ಮೇಲೆ ಫೋನು ಬಂತು. ಈ ಸಲ ಆಯಾ.

"ಅಕ್ಕಾರ, ಮುಟ್ಟಿದ್ವಿರಿ. ಒಳಗ ಒಯ್ದಾರ. ಬಾಯಾರೂ ಒಳಗ ಹೋಗ್ಯಾರ." ಅವಳಿಗೆ ಏದುಸಿರು ಬರುತ್ತಿತ್ತು. "ನಾ ಗಾಡಿ ಎಲ್ಲಿ ಹಚ್ಚಲಿರಿ? ಇಲ್ಲಿ ಭಾಳ ಗಾಡಿ ನಿಂತಾವ, ಹಿಂದಕ್ಕ ತಗೊಳ್ಳಾಕ ಅಂಜಿಕಿ ಬರಾಕತ್ತದ."

"ಅಲ್ಲೇ ಬಿಡ್ರಿ ಆಯಾಬಾಯಿ," ಎಂದೆ. "ದೀಪಾ ಆರಿಸಿ ಅಲ್ಲೇ ಬಿಡ್ರಿ."